ಬೇರೆಯವರ ಇಸಿಜಿ

2024ರ ಸೆಪ್ಟೆಂಬರ್ 11, ಬುಧವಾರ. ಬೆಳಿಗ್ಗೆ 9.20ಕ್ಕೆ ಅಶ್ಮಿತಾ ಕುವೈತಿನ ಶುವೈಖ್ ಪೊಲೀಸ್ ಠಾಣೆಗೆ ಬಂದು ದೂರು ಕೊಟ್ಟಳು. ಅವಳ ಗಂಡ ತಿಲಕ್‌ಗೆ ನಲವತ್ತೊಂದು ವರ್ಷ. ಗ್ರೀನ್‌ಲ್ಯಾಂಡಿನ ವಾಯವ್ಯ ಕರಾವಳಿಯ ಪುಟ್ಟ ಊರುಗಳಿಗೆ ಪ್ರವಾಸಿಗರನ್ನು ಒಯ್ಯುವ ಹಡಗಿನಲ್ಲಿ ಅಡುಗೆ ಕೆಲಸಕ್ಕೆ ಹೋಗಿದ್ದ. ಆಗಸ್ಟ್ 19ರಂದು ಹಡಗಿನಲ್ಲೇ ಎದೆನೋವು ಕಾಣಿಸಿತು. ಹತ್ತಿರದ ಊರಿನಲ್ಲಿದ್ದವಳು ಒಬ್ಬಳೇ ನರ್ಸ್. ಮಂಜು ಕವಿದು ಹೆಲಿಕಾಪ್ಟರ್ ಹಾರಲಿಲ್ಲ. ಹನ್ನೊಂದು ಗಂಟೆ ನರಳಿ ಸತ್ತ.

ಇನ್‌ಸ್ಪೆಕ್ಟರ್ ಮಿಶಾರಿ ಅರಬ್ಬಿಯಲ್ಲಿ ಕೇಳಿದರು. ಠಾಣೆಯ ದುಭಾಷಿ, ಮಂಗಳೂರಿನ ಹಾರಿಸ್, ಕನ್ನಡದಲ್ಲಿ ಹೇಳಿದ.

“ಯಾರ ಮೇಲೆ ದೂರು?”

“ಹಡಗಿಗೆ ಹೋಗುವ ಮುಂಚೆ ನಮ್ಮ ಯಜಮಾನರನ್ನು ಪರೀಕ್ಷಿಸಿದ ಕ್ಲಿನಿಕ್ಕಿನ ಮೇಲೆ. ಎರಡು ವರ್ಷದ ಹಿಂದೆ ಇವರಿಗೆ ಹಾರ್ಟ್ ಅಟ್ಯಾಕ್ ಆಗಿತ್ತು. ಆದರೂ ಹಡಗಿಗೆ ಫಿಟ್ ಅಂತ ಬರೆದುಕೊಟ್ಟಿದ್ದಾರೆ. ಆ ಕಾಗದ ನೋಡಿಯೇ ನಾನು ಹೋಗಿ ಬನ್ನಿ ಅಂದದ್ದು.”

ಪ್ರಕರಣ ದಾಖಲಾಯಿತು. ಮರುದಿನ ಕ್ಲಿನಿಕ್ಕಿನಲ್ಲಿ ಮಹಜರು ಬರೆದು ತಿಲಕ್‌ನ ಕಡತವನ್ನು ವಶಪಡಿಸಿಕೊಂಡರು. ಅದರಲ್ಲಿದ್ದ ಇಸಿಜಿಯನ್ನು ಹಾರ್ಟ್ ಅಟ್ಯಾಕ್ ಆದಾಗಿನ ಹಳೆಯದರೊಂದಿಗೆ ಹೋಲಿಸಿದ ಹೃದ್ರೋಗ ತಜ್ಞರು, ಎರಡೂ ಒಬ್ಬನ ಹೃದಯದವಲ್ಲ ಎಂದರು. ಹೊಸ ಇಸಿಜಿಯ ಮೇಲೆ ಮೇ 14, ಬೆಳಿಗ್ಗೆ 6.40 ಎಂದು ಅಚ್ಚಾಗಿತ್ತು. ಆ ದಿನ ತಿಲಕ್ ಆಗ ಕೆಲಸಕ್ಕಿದ್ದ ಕುವೈತ್ ಸಿಟಿಯ ಹೋಟೆಲಿನಲ್ಲಿ 5.55ಕ್ಕೆ ಹಾಜರಿ ಯಂತ್ರಕ್ಕೆ ಬೆರಳೊತ್ತಿ ಒಳಗೆ ಹೋದವನು ಮಧ್ಯಾಹ್ನದವರೆಗೆ ಹೊರಬಂದಿರಲಿಲ್ಲ. ಕ್ಲಿನಿಕ್ಕಿನ ಬೆರಳಚ್ಚಿನ ಬೀಗವನ್ನು 6.25ಕ್ಕೆ ತೆರೆದದ್ದು ಒಂದೇ ಬೆರಳು. ಅದು ಅಲ್ಲಿನ ಇಸಿಜಿ ಟೆಕ್ನಿಷಿಯನ್, ಗದಗಿನ ಪ್ರವೀಣನದು.

ಸೆಪ್ಟೆಂಬರ್ 15, ಭಾನುವಾರ ಬೆಳಿಗ್ಗೆ 10.10ಕ್ಕೆ ಅವನನ್ನು ಕರೆಸಿದರು.

“ಒಳಗೆ ಬೇರೆ ಯಾರಿದ್ದರು?”

“ಯಾರೂ ಇರಲಿಲ್ರಿ.”

“ಹಾಗಾದರೆ ಇಸಿಜಿ ಯಾರದು?”

“ನಂದರಿ. ವೈರ್ ನಾನ ಹಚ್ಗೊಂಡೆ.”

“ಯಾಕೆ?”

“ಹೋಟೆಲ್ ಮುಚ್ಚಾಕತ್ತಿತ್ತು. ಜೂನ್‌ಗೆ ತಿಲಕ್‌ನ ಇಕಾಮಾ ಖಲಾಸ್, ಆಮ್ಯಾಲ ಈ ದೇಶದಾಗ ಇರಾಕ ಬರೂದಿಲ್ಲ. ಹಡಗಿನ ಕೆಲಸ ಬಿಟ್ರ ಬ್ಯಾರೆ ಏನೂ ಸಿಗಲಿಲ್ಲ. ನಂಗ ಇಕಾಮಾ ಇಲ್ದಾಗ ಎಂಟು ತಿಂಗಳ ಅವನ ಮನ್ಯಾಗ ಅನ್ನ ತಿಂದೇನ್ರಿ. ಐದು ಸಲ ಬ್ಯಾಡ ಅಂದೆ. ಆರನೇ ಸಲ ಕೇಳಾಕ ಬಂದಾಗ ಅತ್ತಬಿಟ್ಟ.”

11.40ಕ್ಕೆ ಬಂಧನ ದಾಖಲಾಯಿತು. ಲಂಚ ಪಡೆದದ್ದಕ್ಕೆ ಯಾವ ಸುಳಿವೂ ಸಿಕ್ಕಿಲ್ಲ ಎಂದು ಮಿಶಾರಿ ಬರೆಸಿದರು.

ಹೇಳಿಕೆಗೆ ಸಹಿ ಹಾಕಲು ಬಂದಿದ್ದ ಅಶ್ಮಿತಾ ಪಡಸಾಲೆಯಲ್ಲಿ ಅವನ ಕೈಕೋಳ ಕಂಡಳು.

“ಪ್ರವೀಣಣ್ಣ, ನನಗೆ ಒಂದು ಮಾತು ಹೇಳಬಹುದಿತ್ತಲ್ಲ.”

“ಹೇಳಬ್ಯಾಡ ಅಂತ ಆಣಿ ಹಾಕ್ಸಿದ್ದ, ತಂಗಿ.”

ದೂರು ವಾಪಸ್ ಪಡೆಯುತ್ತೇನೆ ಎಂದಳು. ಇನ್ನು ಅದು ನಿಮ್ಮ ಕೈಯಲ್ಲಿಲ್ಲ ಎಂದು ಹಾರಿಸ್ ತಿಳಿಸಿದ. ಪ್ರವೀಣನನ್ನು ಒಯ್ದ ವ್ಯಾನು ಹೋದ ಮೇಲೂ ಅವಳು ಬೆಂಚು ಬಿಟ್ಟು ಏಳಲಿಲ್ಲ.

“ಮನೆಗೆ ಕರೆದುಕೊಂಡು ಹೋಗಲಿಕ್ಕೆ ಯಾರಿಗಾದರೂ ಫೋನ್ ಮಾಡಬೇಕಾ ಅಕ್ಕ?” ಹಾರಿಸ್ ಕೇಳಿದ.

ಅಶ್ಮಿತಾ ಮೊಬೈಲ್ ತೆಗೆದಳು, ಸ್ವಲ್ಪ ನೋಡಿ ಮಡಿಲಲ್ಲಿಟ್ಟುಕೊಂಡಳು.

“ಇವರು ಹೋದ ಮೇಲೆ ಎಲ್ಲದಕ್ಕೂ ಪ್ರವೀಣಣ್ಣನಿಗೇ ಮಾಡ್ತಾ ಇದ್ದದ್ದು.”