ಹನ್ನೆರಡು ಮಷಿನ್ನಿನ ಮೇಲೆ ಸಾವ್ಕಾರನ ಟವೆಲ್

"ಕೈ ತೆಗಿಯೋ! ಇಲ್ಲಾಂದ್ರ ಕಡದು ಹಾಕ್ತೀನಿ!"

ಮಚ್ಚು ನನ್ನ ಕುತ್ತಿಗೆಯ ಮೇಲೆ. ನನ್ನ ಬೆರಳು ಕೀಬೋರ್ಡಿನ ಮೇಲೆ.

ಮಚ್ಚು ಹಿಡಿದವನು ಆಂಜನೇಯ. ಆದೋನಿಯ ಕ್ವಾರಿ ಮಾಲೀಕ ಮರಿಬಸಪ್ಪನ ಬಂಟ. ಮೈಯೆಲ್ಲ ಮಾಂಸ, ತಲೆಯಲ್ಲಿ ಮಣ್ಣು!

"ಕಡಿಯಪ್ಪಾ. ಆದ್ರ ಅರ್ಧಕ್ಕ ನಿಂತ್ರ ಮಷಿನ್ನೆಲ್ಲಾ ಸುಟ್ಟು ಹೋಗ್ತಾವ. ಸಾವ್ಕಾರ್ರಿಗೆ ನೀನೇ ಹೇಳು."

ಶುದ್ಧ ಸುಳ್ಳು. ನಂಬಿಬಿಟ್ಟ! ಮಚ್ಚು ಇಳಿಯಿತು... ಥೂ!

ವಿಷಯ ಇಷ್ಟೇ ಸಾರ್. ಆಸ್ಪರಿ ಕಡೆಯ ಗುಡ್ಡದಲ್ಲಿ ಅವತ್ತು ಸಂಜೆ ನಾಲ್ಕಕ್ಕೆ ಬ್ಲಾಸ್ಟ್. ಗುಡ್ಡದ ಕೆಳಗೆ ನಲವತ್ತು ಮನೆ. ಅದರಲ್ಲೊಂದು, ಕ್ವಾರಿಯ ಇಂಜಿನಿಯರ್ ಚೇತನಾಳ ತಾಯಿ ಹೂವಮ್ಮನದು. ಮನೆಗಳು ತಡೆಯುತ್ತವೋ ಬೀಳುತ್ತವೋ ಅಂತ ಲೆಕ್ಕ ಹಾಕುವುದು ಚೇತನಾಳ ಕೆಲಸ. "ಕಂಪ್ಯೂಟರ್ ಬ್ಯಾಡ ಅಂದ್ರ ನಿಲ್ಲಸ್ತೀನಿ" ಅಂತ ಮರಿಬಸಪ್ಪ ಊರ ಕಟ್ಟೆಯ ಮೇಲೆ ಮಾತು ಕೊಟ್ಟಿದ್ದ. ದೊಡ್ಡ ಮನುಷ್ಯ! ಲೆಕ್ಕ ಮಾತ್ರ ಮೂರು ದಿನದಿಂದ ಮುಗಿದಿರಲಿಲ್ಲ. ಅದಕ್ಕೇ ಅವಳು ನನ್ನನ್ನು ಕರೆಸಿದ್ದು. ಒಟ್ಟಿಗೆ ದುಡಿಯುವ ಕಂಪ್ಯೂಟರುಗಳ ಗುಂಪಿಗೆ ಕ್ಲಸ್ಟರ್ ಅಂತಾರೆ; ಕೆಟ್ಟ ಕ್ಲಸ್ಟರ್ ರಿಪೇರಿ ನನ್ನ ಹೊಟ್ಟೆಪಾಡು.

ಆದೋನಿ ಆಫೀಸಿನ ಹಿಂದೆ ಅಂಥ ಹನ್ನೆರಡು ಮಷಿನ್. ಯಾವ ಕೆಲಸ ಯಾವ ಮಷಿನ್ನಿಗೆ ಅಂತ ಹಂಚುವುದು ಶೆಡ್ಯೂಲರ್. ತೆರೆದು ನೋಡಿದೆ... ಹನ್ನೆರಡೂ ಸಾವ್ಕಾರನ ಹೆಸರಿಗೆ ಬುಕ್! ಒಳಗೆ ಓಡುತ್ತಿದ್ದುದೇನು? ಏನೂ ಇಲ್ಲ!

ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಅದೇ ಬುದ್ಧಿ.

"ಯಾಕಂತಮ್ಮಾ ಇದು?"

"ಮಾಲಕ್ರ ಜಾಗ ಯಾವಾಗ್ಲೂ ಖಾಲಿ ಇರ್ಬೇಕಂತ್ರಿ," ಅಂದಳು ಚೇತನಾ.

ಟವೆಲ್ ಕಿತ್ತೆಸೆದೆ. ಇನ್ನೊಂದು ರೋಗವಿತ್ತು. ಅವಳ ಸಾಫ್ಟ್‌ವೇರ್ ಶೆಡ್ಯೂಲರನ್ನು ಕೇಳುತ್ತಲೇ ಇರಲಿಲ್ಲ. ಅವಳ ಮೇಜಿನ ಕಂಪ್ಯೂಟರಿನಲ್ಲೇ ತೆವಳುತ್ತಿತ್ತು. ಶೆಡ್ಯೂಲರ್ ಕೊಡುವ ಮಷಿನ್ನುಗಳ ಪಟ್ಟಿ ಹಿಡಿದು ಹನ್ನೆರಡರಲ್ಲೂ ಒಟ್ಟಿಗೆ ಶುರು ಮಾಡು ಅಂತ ನಾಲ್ಕು ಸಾಲು ಬರೆದೆ. ಓಡಿಸಿದೆ. ಸಾವ್ಕಾರನ ಜಾಗ ಮುಟ್ಟಿದೆ ಅಂತ ಆಗಲೇ ಮಚ್ಚು ಬಂದದ್ದು.

ಮೂರು ಗಂಟೆಗೆ ನಕ್ಷೆ ಬಂತು. ಗುಡ್ಡದ ಕೆಳಗೆಲ್ಲ ಕೆಂಪು. ಕೆಂಪು ಅಂದರೆ ಬೀಳುವ ಮನೆ.

ಚೇತನಾ ತಾಯಿಗೆ ಫೋನ್ ಮಾಡಿದಳು. ಅತ್ತಳು.

"ಸಾವ್ಕಾರ್ರು ಮಾತು ಕೊಟ್ಟಾರ, ನಾ ಎಲ್ಲಿಗೂ ಬರಂಗಿಲ್ಲ ಅಂತಾಳ್ರಿ ಅವ್ವ!"

ಪ್ರಿಂಟ್ ಎಳೆದುಕೊಂಡೆ. ಓಡಿದೆವು! ಬೈಕ್... ಆಸ್ಪರಿ ರೋಡು... ಹಿಂದೆ ಆಂಜನೇಯನ ಜೀಪು!

"ಏಂದಿರಾ! ನಿಲ್ಲಲೇ!"

ಬಂಪರ್ ಒಮ್ಮೆ ಹಿಂದಿನ ಚಕ್ರಕ್ಕೆ ತಾಗಿತು. ಅಷ್ಟರಲ್ಲಿ ರೋಡಿಗೆ ಕುರಿ ಹಿಂಡು ಇಳಿಯಿತು. ನಾವು ಸಂದಿಯಲ್ಲಿ ನುಗ್ಗಿದೆವು. ಜೀಪು ನಿಂತಿತು. ಆಂಜನೇಯ ಕುರಿಗಳ ಜೊತೆ ಜಗಳಕ್ಕೆ ಇಳಿದಿದ್ದ. ಸರಿಯಾದ ಜೋಡಿ!

ಕ್ವಾರಿ ಮುಟ್ಟಿದಾಗ ಮೂರೂ ಐವತ್ತು. ಮರಿಬಸಪ್ಪ ಕುರ್ಚಿ ಹಾಕಿಸಿಕೊಂಡು ಕೂತಿದ್ದ, ತಮಾಷೆ ನೋಡುವವನ ಹಾಗೆ.

"ತಡಾ ಆತಪಾ. ಮದ್ದು ತುಂಬೈತಿ."

"ನಲವತ್ತು ಮನಿ ಬೀಳ್ತಾವ್ರಿ!" ಚೇತನಾ ಕೂಗಿದಳು.

"ಬಿದ್ರ ನೋಡೋಣು ಬಿಡವಾ."

ನಕ್ಷೆ ಬಿಚ್ಚಿ ಬೆರಳಿಟ್ಟೆ.

"ರೋಡಿನಾಚೆ ಇದು ಯಾರ ಮನಿ ಸಾವ್ಕಾರ್ರೆ? ಮೂರಂತಸ್ತು, ಹೊಸಾ ಮಾರ್ಬಲ್ಲು... ಇದೂ ಕೆಂಪಗೈತಿ."

ಬಗ್ಗಿ ನೋಡಿದ. ತನ್ನದೇ ಮನೆ! ಕುರ್ಚಿ ಬಿಟ್ಟು ಎದ್ದ.

"ಏ, ನಿಲ್ಲಸ್ರಲೇ! ಬಟನ್ ಮುಟ್ಟಬ್ಯಾಡ್ರಿ!"

ಮರುದಿನ ಊರವರು ಹಾರ ತಂದರು. ಮಾತಿಗೆ ತಪ್ಪದ ಪುಣ್ಯಾತ್ಮ ಅಂತ ಮರಿಬಸಪ್ಪನ ಕೊರಳಿಗೇ ಹಾಕಿದರು. ಹಾಕಿದವಳು ಹೂವಮ್ಮ!

ನಾನೂ ಚಪ್ಪಾಳೆ ತಟ್ಟಿದೆ ಸಾರ್... ಉಗಿದಿದ್ದರೆ ಹೂವು ಕೆಡುತ್ತಿದ್ದವು!