ಜಲಜಾ ನುಂಗಿಕೊಂಡ ಮಾತು

"ಕರಿಂಕಾಲಿ! ಮನೆ ಬಿಟ್ಟು ನಡೆಯೋ!"

ಮೀನಿನ ಪೊಟ್ಟಣ ಹಿಡಿದು, ಜಲಜಾಳನ್ನು ಮದುವೆಗೆ ಕೇಳಲೆಂದು ಮೊದಲ ಬಾರಿ ಹೊಸ್ತಿಲು ದಾಟಿದ ಸಜೀವನ್ ಅಲ್ಲೇ ಕಲ್ಲಾದ. ಎದುರಿಗೆ ಅವಳ ಅಮ್ಮ ಭಾರ್ಗವಿ, ಬೆರಳು ಚಾಚಿ ನಿಂತಿದ್ದಳು.

ಕರಿಂಕಾಲಿ! ಮುಷ್ಕರ ಮುರಿಯಲು ಮಾಲೀಕನ ಹಿಂಬಾಗಿಲಿನಿಂದ ನುಸುಳುವ ದ್ರೋಹಿ. ಕೊಲ್ಲಂನ ಗೋಡಂಬಿ ಕಾರ್ಖಾನೆಯ ಆ ಕೇರಿಯಲ್ಲಿ ಕಳ್ಳನಿಗೆ ಕ್ಷಮೆಯುಂಟು, ಕರಿಂಕಾಲಿಗಿಲ್ಲ. ಅದೂ ಹೇಳಿದವಳು ಯಾರು? ಲಾಠಿಗೆ ತಲೆಯೊಡ್ಡಿ ಹೆಂಗಸರ ಕೂಲಿ ಹೆಚ್ಚಿಸಿದ ಭಾರ್ಗವಿ ಚೇಚ್ಚಿ! ಈ ಅಕ್ಕನ ಮಾತಿಗೆ ಕೇರಿ ಎಂದೂ ಸಾಕ್ಷಿ ಕೇಳಿದ್ದಿಲ್ಲ.

ಬೇಲಿಯಾಚೆಯಿಂದ ಪಕ್ಕದ ಮನೆಯ ಓಮನ ಚೇಚ್ಚಿ ಕತ್ತು ಚಾಚಿದಳು. "ಏನೇ ಜಲಜಾ, ನಿಜವೇನೇ?"

ಸಜೀವನ್ ಜಲಜಾಳನ್ನೇ ನೋಡಿದ. ಹೇಳು... ಒಂದು ಮಾತು ಹೇಳು...

ಅಮ್ಮನಿಗೆ ಮರೆವಿನ ರೋಗ. ಒಲೆಯ ಮೂಲೆಯಲ್ಲಿ ಇಲ್ಲದ ಪೊಲೀಸರು ಕಾಣುತ್ತಾರೆ. ಗಂಜಿಗೆ ವಿಷ ಬೆರೆಸಿದ್ದೀಯೆಂದು ಮಗಳನ್ನೇ ಬೈಯುತ್ತಾಳೆ. ಮಿದುಳು ಸವೆದಾಗ ಇಂಥ ಭ್ರಮೆ, ಅನುಮಾನ ಹುಟ್ಟುತ್ತವೆಂದು ಡಾಕ್ಟರು ಬಿಡಿಸಿ ಹೇಳಿದ್ದರು. ಆದರೆ... ಭಾರ್ಗವಿಗೆ ಹುಚ್ಚು ಎಂದು ಊರು ನಕ್ಕರೆ?

ಜಲಜಾ ತಲೆ ತಗ್ಗಿಸಿದಳು. ಆ ಮೌನವೇ ಸಾಕ್ಷಿಯಾಯಿತು!

ಮರುದಿನದಿಂದ ಕಾರ್ಖಾನೆಯಲ್ಲಿ ಬೀಜ ಹುರಿಯುವ ಒಲೆಯ ಬಳಿ ಸಜೀವನ್ ಒಬ್ಬಂಟಿ. ಅವನು ಕೂತ ಬೆಂಚಿನಿಂದ ಜನ ಎದ್ದುಹೋದರು. ಅವನ ಚಹಾ ಲೋಟವನ್ನು ಯಾರೋ ಮಗುಚಿದರು. ನೋಡುತ್ತಿದ್ದ ಜಲಜಾ ಊಟದ ಡಬ್ಬಿ ಮುಚ್ಚಿಟ್ಟಳು.

ಛೀ... ಯಾರ ಮಾನ ಮಾರಿ ಯಾರ ಮಾನ ಕಾಯ್ದೆ ನಾನು?

ಸಂಘದ ಸಭೆಯಲ್ಲಿ ಓಮನ ಚೇಚ್ಚಿ ಎದ್ದಳು. "ಭಾರ್ಗವಿ ಚೇಚ್ಚಿ ಹೇಳಿದ್ಮೇಲೆ ಮುಗೀತು. ಇವನನ್ನ ಸಂಘದಿಂದ ತೆಗೀಬೇಕು. ಕೈ ಎತ್ರೇ!"

ಕೈಗಳು ಏಳತೊಡಗಿದವು. ಜಲಜಾಳೂ ಎದ್ದಳು.

"ಕೈ ಇಳಿಸಿ! ಅಮ್ಮನಿಗೆ ಕಾಯಿಲೆ. ಅವಳ ಕಣ್ಣಿಗೆ ನಾನೂ ಕಳ್ಳಿ, ಅನ್ನಾನೂ ವಿಷ. ಸಜೀವನ್ ಏನೂ ಮಾಡಿಲ್ಲ. ನಾಚಿಕೆ ಪಟ್ಕೊಂಡು ನಾನೇ ಬಾಯಿ ಮುಚ್ಕೊಂಡಿದ್ದೆ."

"ಅಯ್ಯೋ... ಹುಚ್ಚಾ?" ಹಿಂದಿನಿಂದ ಪಿಸುಮಾತು.

"ರೋಗ! ಬೀಜದ ಸಿಪ್ಪೆಯೆಣ್ಣೆಗೆ ಸುಟ್ಟ ಕೈನ ಎಲ್ಲರೆದುರು ತೋರಿಸ್ತೀವಲ್ಲ, ಸವೆದ ಮಿದುಳನ್ನ ಯಾಕೆ ಮುಚ್ಚಿಡಬೇಕು? ನಮಗೋಸ್ಕರ ಲಾಠಿ ತಿಂದ ತಲೆ ಅದು!"

ಓಮನ ಚೇಚ್ಚಿಯ ಕೈ ತಾನೇ ಇಳಿಯಿತು. "ನಮಗಾದ್ರೂ ಹೇಳಬಾರದಿತ್ತೇನೇ ಮಗಳೇ..."

ಹೊರಗೆ, ಎಲ್ಲ ಕೇಳಿಸಿಕೊಂಡು ಗೇಟಿನ ಬಳಿ ಸಜೀವನ್ ನಿಂತಿದ್ದ.

"ಕ್ಷಮಿಸು ಅನ್ನೋಕೂ ಮುಖ ಇಲ್ಲ, ಸಜೀವನ್."

"ಅಮ್ಮ ಬೈದದ್ದು ಅವತ್ತೇ ಮರೆತೆ. ನೀನು ತಲೆ ತಗ್ಗಿಸಿದೆಯಲ್ಲ... ಅದು ಮರೆಯೋಕಾಗ್ಲಿಲ್ಲ."

ಅವಳು ಕಣ್ಣೊರೆಸಿಕೊಂಡು ಹೊರಟಳು.

"ಎಲ್ಲಿಗೆ? ಬೆಳಿಗ್ಗೆ ನೀನು ಕೆಲಸಕ್ಕೆ ಬಂದ್ರೆ ಅಮ್ಮನ ಹತ್ರ ಯಾರು ಕೂರ್ತಾರೆ? ನಂದು ನಾಳೆಯಿಂದ ಮಧ್ಯಾಹ್ನದ ಪಾಳಿ, ನಾನು ಕೂರ್ತೀನಿ."

"ಮತ್ತೆ ಅಟ್ಟಿಸ್ಕೊಂಡು ಬರ್ತಾಳೆ!"

"ಬರ್ಲಿ. ನಾನು ನಿನಗೆ ಯಾರು ಅಂತ ನೀನು ಬಾಯಿಬಿಟ್ಟು ಹೇಳಿದ್ರೆ ಸಾಕು."

"ನನ್ನವನು!"

"ಮೆಲ್ಲಗೆ ಕಣೇ... ಎಲ್ಲರೂ ಕೇಳಿಸ್ಕೊಳ್ತಿದಾರೆ."

"ಕೇಳಲಿ!"