ಎಡಮಗ್ಗುಲ ನಾಲ್ಕನೆಯ ಸಂದು

"ತಳ ಕೆರೀರಿ, ಮೂತಿ ಕೆರೀರಿ, ಬಣ್ಣ ಪೂರ್ತಿ ತೆಗೀರಿ. ಎಡಮಗ್ಗುಲ ನಾಲ್ಕನೇ ಸಂದಿಗೆ ಮಾತ್ರ ಉಳಿ ಇಡಬೇಡಿ," ಎಂದ ದೋಣಿ ಮೇಸ್ತ್ರಿ.

"ಯಾಕೆ, ಅಲ್ಲಿ ನಿಮ್ಮಜ್ಜ ಮಲಗಿದಾನಾ?" ಎಂದ ಗಡಿಯಾರದವನು.

ಮೇಸ್ತ್ರಿ ನಗಲಿಲ್ಲ. ಬೆರಳು ಚಾಚಿ ತೋರಿಸಬಹುದಾಗಿದ್ದ ಜಾಗವನ್ನು ಗದ್ದ ಎತ್ತಿ ತೋರಿಸಿದ. ದೋಣಿಯ ಒಳಮೈಯಲ್ಲಿ, ಎರಡು ಹಲಗೆಗಳ ನಡುವೆ, ಒಂದು ಮೊಳದಷ್ಟು ಉದ್ದಕ್ಕೆ ಡಾಂಬರು ಮೆತ್ತಿದ ಗೆರೆ. ಮಿಕ್ಕ ಸಂದುಗಳೆಲ್ಲ ಒಣಗಿ ಬಿರುಕು ಬಿಟ್ಟಿದ್ದರೆ ಇದೊಂದು ಬೆವರಿದ ಹಾಗೆ ಹೊಳೆಯುತ್ತಿತ್ತು.

"ಸೋರದೆ ಇರೋದನ್ನ ಯಾಕೆ ಕೆಣಕ್ತೀರಿ. ಕೇಳಿದ್ರಿ, ಹೇಳಿದೆ," ಎಂದು ಮೇಸ್ತ್ರಿ ಹೆಗಲ ಮೇಲಿನ ಟವೆಲು ಕೊಡವಿ ಓಣಿ ದಾಟಿ ತನ್ನ ಮನೆಗೆ ಹೋದ.

ಗಡಿಯಾರದವನು ಮೂವತ್ತು ವರ್ಷ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೈಗಡಿಯಾರ ರಿಪೇರಿ ಮಾಡಿದ ಮನುಷ್ಯ. ಕಣ್ಣು ಮಂಜಾದ ಮೇಲೆ ಅಂಗಡಿ ಮುಚ್ಚಿದ. ಹೆಂಡತಿ ಬಟ್ಟೆ ಹೊಲಿಯುವವಳು. ಮಕ್ಕಳಿಲ್ಲದ ಆ ಮನೆಯಲ್ಲಿ ಇಬ್ಬರೂ ಬಾಳಿನುದ್ದಕ್ಕೂ ತಲೆ ಬಗ್ಗಿಸಿಯೇ ಕೂತವರು. ಅವನು ಗಡಿಯಾರದ ಮುಳ್ಳಿನ ಮೇಲೆ, ಇವಳು ಮಿಷನ್ನಿನ ಸೂಜಿಯ ಮೇಲೆ. ಹಳೆಯ ದೋಣಿಯೊಂದು ಮಾರಾಟಕ್ಕಿದೆಯೆಂದು ಕಿವಿಗೆ ಬಿದ್ದದ್ದೇ ತಡ, ಅವನು ಹಿಂದೆ ಮುಂದೆ ನೋಡದೆ ಕೊಂಡು ಮನೆಯ ಪಕ್ಕದ ಶೆಡ್ಡಿಗೆ ಎಳೆಸಿಬಿಟ್ಟ.

"ಇನ್ಮೇಲೆ ಇಬ್ರೂ ತಲೆ ಎತ್ತಿ ಕೂತ್ಕೊಳೋಣ ಕಣೇ, ನೀರಿನ ನಡುವೆ," ಎಂದಿದ್ದ.

"ಮೊದ್ಲು ಅದು ತೇಲ್ಲಿ ಬಿಡಿ," ಎಂದಿದ್ದಳು ಅವಳು, ಬಾಯಲ್ಲಿ ಕಚ್ಚಿದ ದಾರ ಬಿಡದೆ.

ದೋಣಿಯ ವಿಷಯದಲ್ಲಿ ಅವನಿಗೆ ಗೊತ್ತಿದ್ದದ್ದು ಸೊನ್ನೆ. ಕೊಡತಿ ಹಿಡಿದ ಮೊದಲ ದಿನವೇ ಹೆಬ್ಬೆರಳಿನ ಉಗುರು ನೀಲಿಗಟ್ಟಿತು. ಕೊಳೆತ ಹಲಗೆಗೆ ಒಳ್ಳೆಯ ಮೊಳೆ ಹೊಡೆದ, ಒಳ್ಳೆಯ ಹಲಗೆಯನ್ನು ಕೊಳೆತದ್ದೆಂದು ಕಿತ್ತ. ಮೇಸ್ತ್ರಿ ಬಂದು ತಲೆ ತಲೆ ಚಚ್ಚಿಕೊಂಡು ತೋರಿಸಿಕೊಟ್ಟ ಮೇಲೆ, ಸಂದಿನ ಹಳೆಯ ಹತ್ತಿ ಕಿತ್ತು ಹೊಸ ಹತ್ತಿ ತುರುಕಿ ಮೇಲೆ ಬಿಸಿ ಡಾಂಬರು ಎಳೆಯುವುದನ್ನು ಕಲಿತ. ಹದಿನೈದು ದಿನಕ್ಕೆ ಬಲಮಗ್ಗುಲು ಮುಗಿಯಿತು. ಎಡಮಗ್ಗುಲಲ್ಲಿ ಉಳಿದದ್ದು ಆ ಒಂದು ಮೊಳ.

ಬಿಟ್ಟುಬಿಡಬಹುದಿತ್ತು. ಆದರೆ ಅವನ ಕಸುಬು ಅವನಿಗೆ ಕಲಿಸಿದ್ದೇ ಬೇರೆ. ಎಲ್ಲ ಬಿಚ್ಚು, ಎಲ್ಲ ತೊಳೆ, ಆಮೇಲೆ ಜೋಡಿಸು. ಒಂದು ಚಕ್ರ ತೊಳೆಯದೆ ಬಿಟ್ಟರೆ ಆ ಗಡಿಯಾರ ತಿಂಗಳೊಳಗೆ ಮತ್ತೆ ಮೇಜಿನ ಮೇಲಿರುತ್ತದೆ. ಊಟವಾದ ಮೇಲಿನ ಬಿಸಿಲ ಹೊತ್ತು. ಒಳಮನೆಯಿಂದ ಹೊಲಿಗೆ ಮಿಷನ್ನಿನ ಸದ್ದು ಒಂದೇ ಸಮನೆ ಬರುತ್ತಿತ್ತು. ಅವನು ದೋಣಿಯೊಳಗೆ ನಿಂತು ಉಳಿಯನ್ನು ಆ ಸಂದಿಗೆ ಇಟ್ಟು ಒಂದೇ ಪೆಟ್ಟು ಹಾಕಿದ.

ಡಾಂಬರು ಸಿಪ್ಪೆಯ ಹಾಗೆ ಎದ್ದು ಬಂತು. ಕೆಳಗೆ ಹತ್ತಿ ಇರಲಿಲ್ಲ. ಕೂದಲಿತ್ತು.

ಅವನು ತುದಿ ಹಿಡಿದು ಎಳೆದ. ಬಂತು. ಎಳೆದಷ್ಟೂ ಬಂತು. ಹೆಣೆದ ಜಡೆ, ಇನ್ನೂ ಬಿಗಿ ಸಡಿಲದ ಹೆಣಿಗೆ, ಬೆಳಿಗ್ಗೆಯಷ್ಟೇ ಹಚ್ಚಿದಂಥ ಎಣ್ಣೆಯ ವಾಸನೆ. ಅದರಡಿಯಿಂದ ಇನ್ನೊಂದು ವಾಸನೆ ಎದ್ದಿತು, ಬಹಳ ದಿನ ಮುಚ್ಚಿಟ್ಟ ಬಾವಿಯ ಉಸಿರಿನಂಥದ್ದು. 'ಹತ್ತಿ ಸಿಗದೆ ಯಾವನೋ ಜಿಪುಣ ಕೂದಲು ತುರುಕಿದಾನೆ' ಎಂದುಕೊಂಡು ಜಡೆಯನ್ನು ಡಾಂಬರು ಕಾಯುತ್ತಿದ್ದ ಒಲೆಗೆ ಎಸೆದ. ಅದು ಚಟಚಟ ಎನ್ನಲಿಲ್ಲ. ನಿಧಾನವಾಗಿ, ಯಾರೋ ಉಸಿರೆಳೆದುಕೊಂಡ ಹಾಗೆ, ಸುಯ್ಯೆಂದು ಉರಿದುಹೋಯಿತು.

ಆಗ ಸಂದಿನಿಂದ ನೀರು ಇಳಿಯಿತು.

ಗಡಿಯಾರದವನು ಬಗ್ಗಿ ದೋಣಿಯ ಹೊರಮೈ ನೋಡಿದ. ದಿಮ್ಮಿಗಳ ಮೇಲೆ ಕೂತ ದೋಣಿ, ಕೆಳಗೆ ಒಣ ಮಣ್ಣು, ಮರದ ಹೊಟ್ಟು. ಹೊರಗೆ ಹನಿಯಿಲ್ಲ. ಒಳಗೆ ಪಾದ ಮುಳುಗುತ್ತಿದೆ. ಕಪ್ಪು ನೀರು, ಎಲುಬಿಗೆ ಇಳಿಯುವಷ್ಟು ತಣ್ಣಗೆ.

ಹೊಲಿಗೆ ಮಿಷನ್ನು ನಿಂತಿತು. ಕೆಮ್ಮು ಕೇಳಿತು. ಕೆಮ್ಮಲ್ಲ, ಕೊಡ ಮುಳುಗಿಸುವಾಗ ಬರುವ ಗುಳುಗುಳು.

ಹೆಂಡತಿ ಗೋಡೆ ಹಿಡಿದುಕೊಂಡು ಶೆಡ್ಡಿಗೆ ಬಂದಳು. ಕೈಯಲ್ಲಿ ಬಟ್ಟೆ ಕತ್ತರಿಸುತ್ತಿದ್ದ ಕತ್ತರಿ ಹಾಗೇ ಇತ್ತು. ಬಾಯಿಂದ, ಮೂಗಿಂದ ಕಪ್ಪು ನೀರು ಸುರಿದು ರವಿಕೆ ನೆನೆದಿತ್ತು.

"ರೀ," ಎಂದಳು. ಅಷ್ಟೇ ಆಯಿತು.

ಅವನಿಗೆ ಏನು ತೋಚಿತೋ, ತಗಡಿನ ಡಬ್ಬ ಹಿಡಿದು ದೋಣಿಯ ನೀರನ್ನು ಮೊಗೆದು ಹೊರಗೆ ಚೆಲ್ಲಿದ. ಒಂದು ಡಬ್ಬ. ಎರಡು. ನಾಲ್ಕು. ಹೆಂಡತಿ ಹಸಿದ ಕೂಸಿನಂತೆ ಗಾಳಿ ಎಳೆದುಕೊಂಡಳು. ಅವಳ ಕಡೆ ಹೋಗೋಣವೆಂದು ಅವನು ಕೈ ನಿಲ್ಲಿಸಿದ. ನೀರು ಏರಿತು. ಅವಳ ಕಣ್ಣು ಮೇಲೆ ಸಿಕ್ಕಿಕೊಂಡಿತು. ಅವನಿಗೆ ಅರ್ಥವಾಯಿತು.

"ಮೇಸ್ತ್ರೀ," ಎಂದು ಕೂಗುತ್ತಲೇ ಮೊಗೆದ.

ಮೇಸ್ತ್ರಿ ಬಂದು ಬಾಗಿಲಲ್ಲೇ ನಿಂತ. ತೆರೆದ ಸಂದನ್ನು ನೋಡಿದ. "ಕಿತ್ತದ್ದು ಎಲ್ಲಿ?"

"ಒಲೆಗೆ ಹಾಕ್ದೆ."

"ಹಾಳಾಯ್ತು." ಮೇಸ್ತ್ರಿ ನೆಲಕ್ಕೆ ಕುಸಿದು ಕೂತ. "ಇದನ್ನ ಕಟ್ಟಿಸಿದೋನು ಮೂರು ದೋಣಿ ಮುಳುಗಿಸ್ಕೊಂಡಿದ್ದ. ಮಾಟ ಮಾಡೋನ ಹತ್ರ ಹೋದ. ದೋಣಿ ಮುಳುಗಬಾರದು ಅಂದ್ರೆ ಆ ಮುಳುಗೋ ಪಾಲನ್ನ ಇನ್ಯಾರಾದ್ರೂ ಹೊರಬೇಕು, ಅವರ ಕೂದಲು ತಾ ಅಂದನಂತೆ. ಇವನು ನಿದ್ದೇಲಿದ್ದ ಹೆಂಡ್ತಿ ಜಡೆ ಕತ್ತರಿಸಿ ತಂದ. ದೋಣಿ ಎಂದೂ ಮುಳುಗಲಿಲ್ಲ. ಅವಳು ಅಡಿಗೆಮನೇಲಿ, ಒಣ ನೆಲದ ಮೇಲೆ, ನೀರು ಕುಡಿದು ಸತ್ಲು."

"ನನ್ನ ಹೆಂಡ್ತಿ ಏನು ಮಾಡಿದ್ಲು?"

"ಸಂದು ತೆರೆದೋರನ್ನ ಅದು ಕೇಳಲ್ಲ. ಅವರಿಗೆ ಬೇಕಾದೋರನ್ನ ಕೇಳ್ತದೆ. ಈಗ ಮನೆಯೋರ ಕೂದಲು ಹಾಕಿ ಮುಚ್ಚಬೇಕು. ಯಾರದು ಹಾಕ್ತೀರೋ ಪಾಲು ಅವರದು."

ಮಾತು ಮುಗಿಯುವಷ್ಟರಲ್ಲಿ ಕತ್ತರಿಯ ಸದ್ದು ಕೇಳಿತು. ಹೆಂಡತಿ ತನ್ನ ಜಡೆಯನ್ನು ಮುಂದಕ್ಕೆ ಎಳೆದುಕೊಂಡು ಬುಡಕ್ಕೆ ಕತ್ತರಿ ಇಟ್ಟಿದ್ದಳು. ಗಂಡನನ್ನು ಕೇಳಲಿಲ್ಲ. ಅವನ ಮುಖ ನೋಡಲಿಲ್ಲ. ನೂರಾರು ಬಟ್ಟೆ ಕತ್ತರಿಸಿದ ಕೈ, ಅಳತೆಗೆ ತಡವೇನು.

ಅವನು ಡಬ್ಬ ಬಿಸಾಕಿದ. ದೋಣಿಯಂಚಿನ ಮೇಲಿಂದಲೇ ಬಗ್ಗಿ ಕತ್ತರಿ ಕಿತ್ತುಕೊಂಡ. ಅಂಗೈ ಸೀಳಿತು. ನೀರು ಮೊಳಕಾಲಿಗೆ ಬಂತು. ಅವಳು ಬಿದ್ದಳು. ಮೇಸ್ತ್ರಿ ಡಬ್ಬ ಎತ್ತಿ ಹೊರಗಿನಿಂದಲೇ ಮೊಗೆಯತೊಡಗಿದ. ಸಾಲಲಿಲ್ಲ. ಗಡಿಯಾರದವನು ತನ್ನ ತಲೆಗೆ ಕತ್ತರಿ ಹಾಕಿದ. ಬುಡ ನೋಡಲಿಲ್ಲ, ಚರ್ಮ ನೋಡಲಿಲ್ಲ. ಒಂದು ಹಿಡಿ. ಇನ್ನೊಂದು ಹಿಡಿ. ಸಂದಿಗೆ ತುರುಕಿದ. ನೀರು ಹೊರಗೆ ತಳ್ಳಿತು. ಮತ್ತೆ ತುರುಕಿದ. ಉಳಿಯ ಬೆನ್ನಿನಿಂದ ಜಡಿದ. ಅವಳ ಕಾಲು ನೆಲಕ್ಕೆ ಬಡಿಯುತ್ತಿತ್ತು. ಜಡಿದ. ಕಾಲಿನ ಸದ್ದು ನಿಂತಿತು. ಜಡಿದ. ಮೇಸ್ತ್ರಿ ಕುದಿಯುವ ಡಾಂಬರಿನ ಸೌಟು ಕೈಗಿತ್ತ. ಬಳಿದ.

ನೀರು ನಿಂತಿತು.

ಆಮೇಲೆ ನೆಲದ ಮೇಲಿಂದ ಒಂದು ಕೆಮ್ಮು, ಒಣ ಕೆಮ್ಮು, ಮತ್ತು ಅವಳ ದನಿ. "ತಲೆ ಎಲ್ಲಾ ರಕ್ತ ಆಗಿದೆಯಲ್ರೀ."

ಅವನು ನಗುತ್ತಾ ಅಳುತ್ತಾ ದೋಣಿಯಿಂದ ಕೆಳಗೆ ಧುಮುಕಿದ. ಎರಡು ಹೆಜ್ಜೆ ಇಟ್ಟ. ಮೂರನೆಯದಕ್ಕೆ ಅವನ ಬಾಯಿಂದ ಕಪ್ಪು ನೀರು ಬಂತು.

ಮೇಸ್ತ್ರಿ ಅವನ ಸೊಂಟ ಹಿಡಿದು ಎತ್ತಿ ದೋಣಿಯೊಳಕ್ಕೆ ಉರುಳಿಸಿದ. ಹಲಗೆಗೆ ಬೆನ್ನು ತಾಗಿದ್ದೇ ಉಸಿರು ಬಂತು. "ದೋಣಿ ಮುಳುಗಲ್ಲ," ಎಂದ ಮೇಸ್ತ್ರಿ, ಅವರಿಬ್ಬರನ್ನೂ ನೋಡದೆ. "ಅದರಲ್ಲಿ ಇರೋವರೆಗೂ ನೀವೂ ಮುಳುಗಲ್ಲ. ನೆಲಕ್ಕೆ ಇಳಿದ್ರೆ ನನ್ನ ಕೈಲಿ ಏನೂ ಇಲ್ಲ."

ಶೆಡ್ಡಿನಲ್ಲೇ ಇರಿಸುವಂತೆಯೂ ಇರಲಿಲ್ಲ. ಒಣಗಿದರೆ ಹಲಗೆ ಬಿರಿಯುತ್ತದೆ, ಬಿರಿದರೆ ಸಂದು ಬಾಯಿ ಬಿಡುತ್ತದೆ. ಮರದ ದೋಣಿಯ ಗುಣವೇ ಅದು. ಮೂರನೆಯ ದಿನ ಉರುಳೆಗಳ ಮೇಲೆ ಅದನ್ನು ದಡಕ್ಕೆ ಸಾಗಿಸಿದರು. ಅವನು ಒಳಗೆ ನೆಟ್ಟಗೆ ಕೂತಿದ್ದ. ಮೇಸ್ತ್ರಿ ಬಳಿದ ಹೊಸ ನೀಲಿ ಬಣ್ಣ ಕಂಡು ದಾರಿಯವರು, "ಚೆನ್ನಾಗಿ ಮಾಡಿದೀರಿ," ಎಂದರು.

ದೋಣಿಯನ್ನು ನೀರಿಗಿಳಿಸಿ ದಡದ ಗೂಟಕ್ಕೆ ಹಗ್ಗದಲ್ಲಿ ಕಟ್ಟಿದರು. ಹೆಂಡತಿ ಹೊಲಿಗೆ ಮಿಷನ್ನನ್ನು ದಡಕ್ಕೇ ಸಾಗಿಸಿಕೊಂಡಳು. ಊಟದ ಡಬ್ಬಿಯನ್ನು ಸಣ್ಣ ಹಲಗೆಯ ಮೇಲಿಟ್ಟು ತೇಲಿಬಿಡುತ್ತಾಳೆ, ಅವನು ದಾರ ಹಿಡಿದು ಎಳೆದುಕೊಳ್ಳುತ್ತಾನೆ. ಮೊದಲ ವಾರ ಪಿಸುಮಾತೂ ಕೇಳುತ್ತಿತ್ತು. ಉಪ್ಪು ಕಮ್ಮಿ ಎಂದು ಅವನು ರೇಗಿಸುತ್ತಿದ್ದ, ನಾಳೆಯಿಂದ ನೀವೇ ಮಾಡ್ಕೊಳ್ಳಿ ಎಂದು ಅವಳು ಅನ್ನುತ್ತಿದ್ದಳು.

ಆದರೆ ದೋಣಿಗೆ ದಡ ಸೇರದು. ಗಾಳಿಯಿರಲಿ ಇಲ್ಲದಿರಲಿ, ದಿನಕ್ಕೊಂದು ಮಾರು ಆಚೆಗೆ ಜಗ್ಗುತ್ತದೆ. ಹಗ್ಗ ಬಿಗಿ ಹಿಡಿದರೆ ಆ ಸಂದು ಕಿರುಗುಟ್ಟುತ್ತದೆ, ಅವನ ಗಂಟಲಲ್ಲಿ ತಣ್ಣಗಾಗುತ್ತದೆ. ಹಾಗಾಗಿ ಅವಳು ದಿನವೂ ಒಂದು ತುಂಡು ಹಗ್ಗ ಸೇರಿಸಿ ಗಂಟು ಹಾಕುತ್ತಾಳೆ.

ಈಗ ಮಿಷನ್ನಿನ ಸದ್ದು ಕೇಳುವುದಿಲ್ಲ. ಕೂಗಿದರೆ ಅರ್ಧ ಬರುತ್ತಿತ್ತು. ಮೊನ್ನೆಯಿಂದ ಅದೂ ಇಲ್ಲ. ಇವತ್ತು ಅವಳು ಹಗ್ಗದ ಸುರುಳಿ ಹೆಗಲಿಗೇರಿಸಿಕೊಂಡು ಮೊಳಕಾಲುದ್ದ ನೀರಿಗೆ ಇಳಿದು ನಿಂತಳು. ಕೈಯನ್ನು ಬಾಯಿಗೆ ಅಡ್ಡ ಹಿಡಿದು ಏನೋ ಕೇಳಿದಳು. ಕತ್ತು ವಾರೆ ಮಾಡಿ ಉತ್ತರಕ್ಕೆ ಕಾದಳು.

ಅವನಿಗೆ ಒಂದಕ್ಷರವೂ ತಿಳಿಯಲಿಲ್ಲ. "ಹ್ಞೂಂ ಕಣೇ, ಹಾಗೇ ಮಾಡು," ಎಂದು ಕೂಗಿ ಕೈಯೆತ್ತಿದ.

ಅವಳು ತಲೆಯಾಡಿಸಿ, ಸೆರಗು ಸಿಕ್ಕಿಸಿಕೊಂಡು, ಗಂಟು ಹಾಕಲು ಬಗ್ಗಿದಳು.